ಹಡಗು ಕೊಚ್ಚಿಯಲ್ಲಿ ಒಂದು ಹಗಲು ನಿಂತಾಗ: ಬೆಂಗಳೂರಿನ ಪ್ರಯಾಣಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಮುಂಬೈಗೆ ವಿಮಾನದಲ್ಲಿ ಹೋಗಿ ಅಲ್ಲಿ ಕ್ರೂಸ್ ಹಡಗು ಹತ್ತುವ ಕುಟುಂಬಗಳು ಈಗ ಬಹಳ. ಅಂಥ ಪ್ರವಾಸಗಳಲ್ಲಿ ಹಡಗು ಕೊಚ್ಚಿಯಲ್ಲಿ ಕೆಲವು ಗಂಟೆ ನಿಲ್ಲುವುದುಂಟು. ಆ ಕೆಲವೇ ಗಂಟೆಗಳಲ್ಲಿ ಕೊಚ್ಚಿಯ ಹಳೆಯ ಭಾಗಗಳಾದ ಮಟ್ಟಾಂಚೇರಿ ಮತ್ತು ಫೋರ್ಟ್ ಕೊಚ್ಚಿಯನ್ನು ಚೆನ್ನಾಗಿ ನೋಡಬೇಕು ಎನ್ನುವವರಿಗಾಗಿ ಈ ಉತ್ತರಗಳು.

ಹಡಗು ಬೆಳಗ್ಗೆ 8ರಿಂದ ಸಂಜೆ 4ರವರೆಗೆ ನಿಲ್ಲುತ್ತದೆ ಎಂದು ಟಿಕೆಟ್‌ನಲ್ಲಿದೆ. ಅಂದರೆ ಎಂಟು ಗಂಟೆ ಸಿಗುತ್ತದೆ ಅಲ್ಲವೇ?

ಇಲ್ಲ. ಊರಿನೊಳಗೆ ಸಿಗುವುದು ಹೆಚ್ಚೆಂದರೆ ನಾಲ್ಕೂಕಾಲು ಗಂಟೆ. ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು.

ಹಡಗು 4ಕ್ಕೆ ಹೊರಡುವುದಾದರೆ ಪ್ರಯಾಣಿಕರೆಲ್ಲ ಅದಕ್ಕೂ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಒಳಗಿರಬೇಕು. ಆ ಗಡುವು 3.15 ಎಂದಿಟ್ಟುಕೊಳ್ಳಿ. ಬಂದರಿನ ಗೇಟು, ಬ್ಯಾಗ್ ತಪಾಸಣೆ, ಹಡಗಿನ ಏಣಿಯ ಸಾಲು ಇವಕ್ಕೆ ಮುಕ್ಕಾಲು ಗಂಟೆ ಬಿಡಿ, ಗೇಟಿಗೆ 2.30ಕ್ಕೆ ಬಂದಿರಬೇಕು. ಫೋರ್ಟ್ ಕೊಚ್ಚಿಯಿಂದ ಬಂದರಿಗೆ ಮುಕ್ಕಾಲು ಗಂಟೆ ಹಿಡಿದರೆ ಅಲ್ಲಿಂದ ಹೊರಡುವುದು 1.45ಕ್ಕೆ. ಬೆಳಗಿನ ಕಡೆಯೂ ಹೀಗೆಯೇ. ಹಡಗು 8ಕ್ಕೆ ಕಟ್ಟೆಗೆ ತಾಗಿದರೂ ಬಂದರಿನ ಅನುಮತಿ ಸಿಕ್ಕಿ ಜನ ಇಳಿಯಲು ಶುರುವಾಗುವಾಗ 8.30 ಆಗಿರುತ್ತದೆ, ಗೇಟಿನ ಹೊರಗೆ ಬರುವಾಗ 9. ಮಟ್ಟಾಂಚೇರಿ ಮುಟ್ಟುವಾಗ 9.30.

ಗಡುವಿನ ಸಮಯವನ್ನು ಟಿಕೆಟ್‌ನಿಂದ ತೆಗೆದುಕೊಳ್ಳಬೇಡಿ. ಹಿಂದಿನ ರಾತ್ರಿ ಕೋಣೆಗೆ ಬರುವ ದಿನಚರಿ ಹಾಳೆಯಲ್ಲಿ ಇರುವುದೇ ಅಂತಿಮ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಹಡಗು ಮಾಲ್ಡೀವ್ಸ್‌ನಿಂದ ಬರುತ್ತಿದ್ದರೆ ಇನ್ನೊಂದು ಎಚ್ಚರ ಬೇಕು: ಅಲ್ಲಿನ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಹಡಗಿನ ಗಡಿಯಾರ ಯಾವುದನ್ನು ಅನುಸರಿಸುತ್ತಿದೆ ಎಂದು ಇಳಿಯುವ ಮೊದಲು ಕೇಳಿ.

ವಾರದ ಯಾವ ದಿನ ಇಳಿಯುತ್ತೇವೆ ಎಂಬುದು ಅಷ್ಟು ಮುಖ್ಯವೇ?

ಎಲ್ಲಕ್ಕಿಂತ ಮುಖ್ಯ. ರಜೆ ಉಳಿಸಲು ಬೆಂಗಳೂರಿನವರು ವಾರಾಂತ್ಯದ ಪ್ರವಾಸವನ್ನೇ ಆರಿಸುತ್ತಾರೆ. ಕೊಚ್ಚಿಯ ಹಳೆಯ ಜಾಗಗಳು ಮುಚ್ಚಿರುವುದೂ ಶುಕ್ರವಾರದಿಂದ ಭಾನುವಾರದವರೆಗಿನ ಆ ಮೂರು ದಿನಗಳಲ್ಲೇ.

ಶುಕ್ರವಾರ ಮಟ್ಟಾಂಚೇರಿ ಅರಮನೆಗೆ ರಜೆ. ಅದೇ ದಿನ ಮಧ್ಯಾಹ್ನದಿಂದ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ಗಾಗಿ ಅವರ ಪ್ರಾರ್ಥನಾ ಮಂದಿರ ಸಿನಗಾಗ್ ಮುಚ್ಚುತ್ತದೆ. ಶುಕ್ರವಾರ ಬೆಳಗನ್ನೂ ನೆಚ್ಚಿಕೊಳ್ಳಬೇಡಿ. ಶನಿವಾರ ಸಿನಗಾಗ್ ಪೂರ್ತಿ ಮುಚ್ಚಿರುತ್ತದೆ, ಅರಮನೆ ತೆರೆದಿರುತ್ತದೆ. ಭಾನುವಾರ ಎರಡೂ ತೆರೆದಿರುತ್ತವೆ. ಆದರೆ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಬೆಳಗ್ಗೆ ಪ್ರಾರ್ಥನೆ ಇರುವುದರಿಂದ ನೋಡುವವರನ್ನು ಒಳಗೆ ಬಿಡುವುದು ತಡವಾಗಿ, ಬಜಾರ್ ರಸ್ತೆಯ ಸಗಟು ಅಂಗಡಿಗಳ ಬಾಗಿಲೂ ಹಾಕಿರುತ್ತದೆ. ಯಹೂದಿ ಹಬ್ಬಗಳು ಹೆಚ್ಚಾಗಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರುತ್ತವೆ, ಆಗಲೂ ಸಿನಗಾಗ್‌ಗೆ ಬೀಗ.

ಆರಿಸುವ ಅವಕಾಶವಿದ್ದರೆ ಸೋಮವಾರದಿಂದ ಗುರುವಾರದೊಳಗೆ ಕೊಚ್ಚಿಗೆ ಬರುವ ಹಡಗನ್ನೇ ಹಿಡಿಯಿರಿ. ಅವಕಾಶವಿಲ್ಲದಿದ್ದರೆ ಭಾನುವಾರ ಮೇಲು, ಶನಿವಾರ ಪರವಾಗಿಲ್ಲ. ಶುಕ್ರವಾರ ಇಳಿಯುವವರು ಮಟ್ಟಾಂಚೇರಿಯನ್ನು ಬಿಟ್ಟು ಇಡೀ ಹೊತ್ತನ್ನು ಫೋರ್ಟ್ ಕೊಚ್ಚಿಗೇ ಕೊಡುವುದು ಒಳ್ಳೆಯದು.

ಯಾವುದನ್ನು ಮೊದಲು ನೋಡಬೇಕು?

ಮಟ್ಟಾಂಚೇರಿ ಮೊದಲು, ಫೋರ್ಟ್ ಕೊಚ್ಚಿ ಆಮೇಲೆ. ಬಹಳ ಜನ ಇದನ್ನು ತಿರುವುಮುರುವು ಮಾಡಿ ಕೆಡಿಸಿಕೊಳ್ಳುತ್ತಾರೆ. ಫೋರ್ಟ್ ಕೊಚ್ಚಿ ದಂಡೆಯ ಚೀನೀ ಮೀನುಬಲೆಗಳ ಚಿತ್ರ ಎಲ್ಲ ಕಡೆ ನೋಡಿರುವುದರಿಂದ ನೇರ ಅಲ್ಲಿಗೇ ಹೋಗುತ್ತಾರೆ. ಸಿನಗಾಗ್ ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಅದು ಸಾಮಾನ್ಯವಾಗಿ 10ರಿಂದ 1, ಮತ್ತೆ 3ರಿಂದ 5 ತೆರೆದಿರುತ್ತದೆ. ಮೂರರವರೆಗೆ ಕಾಯಲು ಹಡಗಿನವರಿಗೆ ಸಾಧ್ಯವಿಲ್ಲ. ಬಲೆಗಳು, ಬೀದಿಗಳು, ಚರ್ಚಿನ ಹೊರಗೋಡೆ ಇವಕ್ಕೆ ಬೀಗವಿಲ್ಲ. ಬೀಗವಿರುವುದನ್ನು ಮೊದಲು ಮುಗಿಸಿ.

ವಾರದ ನಡುವಿನ ಒಂದು ದಿನಕ್ಕೆ ಹೀಗೆ ಹೊಂದಿಸಬಹುದು. 9.30ಕ್ಕೆ ಮಟ್ಟಾಂಚೇರಿ ಅರಮನೆ, ಐವತ್ತು ನಿಮಿಷ. ಅಲ್ಲಿಂದ ನಡೆದರೆ ಐದೇ ನಿಮಿಷದಲ್ಲಿ ಸಿನಗಾಗ್ ಇರುವ ಯಹೂದಿ ಬೀದಿ, ಜ್ಯೂ ಟೌನ್. 10.30ಕ್ಕೆ ಸಿನಗಾಗ್, ಅರ್ಧ ಗಂಟೆ. ಆ ಬೀದಿಯ ಸಾಂಬಾರ ಅಂಗಡಿಗಳಿಗೆ ಇಪ್ಪತ್ತು ನಿಮಿಷ. ಆಮೇಲೆ ಆಟೊ ಹಿಡಿದು ಬಜಾರ್ ರಸ್ತೆ, ಕಲ್ವತ್ತಿ ರಸ್ತೆಯ ಮೇಲೆ ಫೋರ್ಟ್ ಕೊಚ್ಚಿಗೆ, ಸುಮಾರು ಮೂರು ಕಿಲೋಮೀಟರ್. 11.45ಕ್ಕೆ ಸೇಂಟ್ ಫ್ರಾನ್ಸಿಸ್ ಚರ್ಚು, 12.15ಕ್ಕೆ ಬಲೆಗಳು, ನಂತರ ಊಟ, ಊಟದ ಮೇಲೆ ಪ್ರಿನ್ಸೆಸ್ ಸ್ಟ್ರೀಟ್ ಮತ್ತು ಸಾಂತಾಕ್ರೂಸ್ ಬೆಸಿಲಿಕಾ. 1.45ಕ್ಕೆ ವಾಪಸ್.

ಬಿಸಿಲಿಗೆ ಹೆದರದವರು, ಮಂಡಿ ಗಟ್ಟಿ ಇರುವವರು ಆ ಮೂರು ಕಿಲೋಮೀಟರನ್ನು ನಡೆಯುವುದೇ ಚಂದ. ಬಜಾರ್ ರಸ್ತೆಯ ಎರಡೂ ಕಡೆ ಹಳೆಯ ಹೆಂಚಿನ ಗೋದಾಮುಗಳು. ಒಂದು ಕಡೆಯವುಗಳ ಬೆನ್ನು ನೇರ ಹಿನ್ನೀರಿಗೆ ತೆರೆದಿದೆ. ದೋಣಿಯಿಂದ ಇಳಿದ ಮೂಟೆ ಹಿಂದಿನ ಬಾಗಿಲಿಂದ ಒಳಗೆ ಬಂದು ಮುಂದಿನ ಬಾಗಿಲಿಂದ ಬೀದಿಗೆ ಹೋಗುತ್ತಿತ್ತು. ಈ ಊರು ಹೇಗೆ ದುಡಿಯುತ್ತಿತ್ತು ಎಂಬುದು ವಸ್ತುಸಂಗ್ರಹಾಲಯಕ್ಕಿಂತ ಈ ರಸ್ತೆಯಲ್ಲಿ ಚೆನ್ನಾಗಿ ಕಾಣುತ್ತದೆ. ನಡೆಯಲು ಮುಕ್ಕಾಲು ಗಂಟೆ ಬೇಕು, ಅದಕ್ಕಾಗಿ ಬೆಸಿಲಿಕಾ ಬಿಡಬೇಕಾಗುತ್ತದೆ.

ಹಡಗು ಎಲ್ಲಿ ನಿಲ್ಲುತ್ತದೆ? ಅಲ್ಲಿಂದ ಹೇಗೆ ಹೋಗುವುದು?

ವಿಲ್ಲಿಂಗ್ಡನ್ ಐಲೆಂಡ್‌ನಲ್ಲಿ. ಇದು ಮನುಷ್ಯರು ಕಟ್ಟಿದ ದ್ವೀಪ. ಕೊಚ್ಚಿ ಅಳಿವೆಯ ಬಾಯಲ್ಲಿ ಮರಳ ದಿಣ್ಣೆ ಇದ್ದುದರಿಂದ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕಿತ್ತು. 1920ರಲ್ಲಿ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಆ ದಿಣ್ಣೆಯನ್ನು ಕೊರೆಸಿದರು, 1928ರಲ್ಲಿ ಹಡಗು ಒಳಗೆ ಬಂತು. ಹೂಳೆತ್ತಿದ ಮಣ್ಣಿನಿಂದಲೇ ಈ ದ್ವೀಪವನ್ನು ಎಬ್ಬಿಸಿದರು.

ಟರ್ಮಿನಲ್‌ನಿಂದ ಮಟ್ಟಾಂಚೇರಿ ಅರಮನೆಗೆ ತೊಪ್ಪುಂಪಡಿ ಮೂಲಕ ಸುಮಾರು 6 ಕಿ.ಮೀ., ಫೋರ್ಟ್ ಕೊಚ್ಚಿಗೆ 8–9 ಕಿ.ಮೀ. ತೊಪ್ಪುಂಪಡಿ ಸೇತುವೆಯ ಬಳಿ ಬೆಳಗ್ಗೆ ಮತ್ತು ಸಂಜೆ ವಾಹನ ಕಟ್ಟಿಕೊಳ್ಳುತ್ತದೆ. ಇಪ್ಪತ್ತು ನಿಮಿಷದ ದಾರಿ ನಲವತ್ತಾಗುವುದು ಅಲ್ಲೇ. ಹಡಗು ಬಂದ ದಿನ ಟರ್ಮಿನಲ್ ಎದುರು ಆಟೊ, ಟ್ಯಾಕ್ಸಿ ಸಾಲಾಗಿ ನಿಂತಿರುತ್ತವೆ. ಆ್ಯಪ್‌ನಲ್ಲಿ ಕರೆದ ಕಾರನ್ನು ಬಂದರಿನ ಒಳಗೆ ಬಿಡದಿದ್ದರೆ ಗೇಟಿನವರೆಗೆ ನಡೆದು ಹತ್ತಬೇಕು, ಆದ್ದರಿಂದ ಪಿಕಪ್ ಜಾಗವನ್ನು ಗೇಟಿನ ಹೊರಗೆ ಇಡಿ. ಆಟೊದಲ್ಲಿ ಮೂವರಿಗಷ್ಟೇ ಅವಕಾಶ. ನಾಲ್ಕು ಜನರಿದ್ದರೆ ಎರಡು ಆಟೊ ಬದಲು ಒಂದು ಟ್ಯಾಕ್ಸಿಯನ್ನೇ ಐದು ಗಂಟೆಗೆ ಮಾತಾಡಿಕೊಳ್ಳುವುದು ಸಲೀಸು.

ಆಟೊ ಬಾಡಿಗೆ ಎಷ್ಟು ಕೊಡಬೇಕು?

ಕೇರಳದಲ್ಲಿ 2022ರಿಂದ ಜಾರಿಯಲ್ಲಿರುವ ದರದಂತೆ ಮೊದಲ ಒಂದೂವರೆ ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15. ಬೆಂಗಳೂರಿನ 36 ಮತ್ತು 18ಕ್ಕಿಂತ ಕಡಿಮೆಯೇ. ಆ ಲೆಕ್ಕದಲ್ಲಿ 6 ಕಿ.ಮೀ.ಗೆ ಸುಮಾರು 100, 9 ಕಿ.ಮೀ.ಗೆ ಸುಮಾರು 145 ರೂಪಾಯಿ. ಖಾಲಿ ವಾಪಸ್ ಬರಬೇಕಾದ ದಾರಿಗೆ ಸ್ವಲ್ಪ ಹೆಚ್ಚು ಕೇಳುವುದು ನ್ಯಾಯವೇ. ಹಡಗಿನ ದಿನ ಮೀಟರ್ ಹಾಕುವವರು ಕಡಿಮೆ. ಈ ಅಂಕಿ ತಲೆಯಲ್ಲಿದ್ದರೆ ಚೌಕಾಸಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತದೆ.

ತೀರಾ ಕಡಿಮೆ ಬಾಡಿಗೆ ಕೇಳಿದಾಗ ಮಾತ್ರ ಹುಷಾರಾಗಿರಿ. ‘ಮೂರು ಗಂಟೆ ಸುತ್ತಿಸುತ್ತೇನೆ, ಇನ್ನೂರು ಕೊಡಿ ಸಾಕು’ ಎಂದರೆ ಉಳಿದದ್ದನ್ನು ದೊಡ್ಡ ಕರಕುಶಲ ಮಳಿಗೆಗಳು ಕೊಡುತ್ತವೆ. ನಿಮ್ಮನ್ನು ಅಲ್ಲಿ ಇಳಿಸಿದ್ದಕ್ಕೆ ಚಾಲಕನಿಗೆ ಕಮಿಷನ್ ಉಂಟು. ಒಂದೊಂದು ಮಳಿಗೆಯಲ್ಲಿ ಇಪ್ಪತ್ತು ನಿಮಿಷದಂತೆ ಮೂರು ಮಳಿಗೆ ಆದರೆ ಸಿನಗಾಗ್ ಕೈತಪ್ಪಿತು. ಹತ್ತುವ ಮೊದಲೇ ‘ಶಾಪಿಂಗ್ ವೇಂಡ’ (ಬೇಡ) ಎಂದುಬಿಡಿ, ನ್ಯಾಯವಾದ ಬಾಡಿಗೆ ಕೊಡಿ. ಚೇಟ್ಟಾ (ಅಣ್ಣಾ) ಎಂದು ಗೌರವದಿಂದ ಕರೆದು ಮಾತಾಡಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಹಿಂದಿ, ಇಂಗ್ಲಿಷ್, ತಮಿಳು ಮೂರೂ ಅಷ್ಟಿಷ್ಟು ನಡೆಯುತ್ತವೆ.

ವಾಟರ್ ಮೆಟ್ರೋ ಹತ್ತಬಹುದೇ?

ಹತ್ತಬಹುದು. 2023ರ ಏಪ್ರಿಲ್‌ನಲ್ಲಿ ಶುರುವಾದ ಈ ದೋಣಿಗಳು ಬ್ಯಾಟರಿಯವು, ಹವಾನಿಯಂತ್ರಿತ, ಸದ್ದಿಲ್ಲ, ಹೊಗೆಯಿಲ್ಲ. ವಿಲ್ಲಿಂಗ್ಡನ್ ಐಲೆಂಡ್ ಮತ್ತು ಮಟ್ಟಾಂಚೇರಿ ನಿಲ್ದಾಣಗಳು 2025ರ ಅಕ್ಟೋಬರ್‌ನಲ್ಲಿ ತೆರೆದಿವೆ. ಮಟ್ಟಾಂಚೇರಿ ನಿಲ್ದಾಣ ಅರಮನೆಯ ಹತ್ತಿರವೇ. ದೋಣಿ ಎಷ್ಟು ಹೊತ್ತಿಗಿದೆ ಎಂದು ಆ್ಯಪ್‌ನಲ್ಲೋ ಕೌಂಟರಿನಲ್ಲೋ ಕೇಳಿಕೊಂಡೇ ನಿಲ್ದಾಣಕ್ಕೆ ಹೋಗಿ. ಅರ್ಧ ಗಂಟೆಗಿಂತ ಹೆಚ್ಚು ಕಾಯಬೇಕಿದ್ದರೆ ಆಟೊ ವಾಸಿ.

ದೋಣಿಯನ್ನು ಹೋಗುವಾಗ ಬಳಸಿ, ವಾಪಸಿಗೆ ನೆಚ್ಚಿಕೊಳ್ಳಬೇಡಿ. ಒಂದು ದೋಣಿಗೆ ಇಂತಿಷ್ಟೇ ಜನ; ರಜಾದಿನ ಫೋರ್ಟ್ ಕೊಚ್ಚಿ ಕಟ್ಟೆಯಲ್ಲಿ ಸಾಲು ಬೆಳೆದಾಗ ಎರಡು ಮೂರು ದೋಣಿ ಬಿಟ್ಟು ಹತ್ತಬೇಕಾಗುತ್ತದೆ.

ಹಡಗಿನವರ ಟೂರ್ ತೆಗೆದುಕೊಳ್ಳುವುದೋ, ನಾವೇ ಹೋಗುವುದೋ?

ಹಡಗಿನ ಟೂರ್ ಬಸ್ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ನಿಮ್ಮ ಆಟೊ ತಡವಾದರೆ ಕಾಯುವುದಿಲ್ಲ. ಟೂರಿನ ದೊಡ್ಡ ಲಾಭ ಇದು. ಹಿರಿಯರು ಹೆಚ್ಚಿದ್ದರೆ, ಕಳವಳ ಬೇಡ ಎನ್ನುವವರಿದ್ದರೆ ಟೂರೇ ಒಳ್ಳೆಯದು. ಆದರೆ ನಲವತ್ತು ಜನರ ಗುಂಪಿಗೆ ಅರಮನೆಯಲ್ಲಿ ಇಪ್ಪತ್ತೇ ನಿಮಿಷ ಸಿಗುತ್ತದೆ, ಮತ್ತು ಮಳಿಗೆಯ ನಿಲುಗಡೆ ಅಲ್ಲೂ ಇರುತ್ತದೆ. ಕೊಚ್ಚಿಯಂಥ ಹತ್ತಿರದ, ಸುರಕ್ಷಿತ ಊರಿನಲ್ಲಿ ಸ್ವಂತವಾಗಿ ಹೋಗುವುದೇ ನಮ್ಮ ಸಲಹೆ.

ಮಟ್ಟಾಂಚೇರಿ ಅರಮನೆ ಹೊರಗಿನಿಂದ ಸಾಧಾರಣ ಮನೆಯಂತಿದೆ. ಒಳಗೆ ಏನಿದೆ?

ಗೋಡೆ ಚಿತ್ರಗಳಿವೆ. ಕೊಚ್ಚಿಯಲ್ಲಿ ಒಂದೇ ಒಂದು ಕಟ್ಟಡ ನೋಡಲು ಸಮಯವಿದೆ ಎಂದರೆ ಇದನ್ನೇ ನೋಡಿ.

16ನೇ ಶತಮಾನದ ಮಧ್ಯದಲ್ಲಿ ಪೋರ್ಚುಗೀಸರು ಇದನ್ನು ಕಟ್ಟಿ ಕೊಚ್ಚಿಯ ರಾಜನಿಗೆ ಕೊಟ್ಟರು. 1663ರಲ್ಲಿ ಊರು ಗೆದ್ದ ಡಚ್ಚರು ದುರಸ್ತಿ ಮಾಡಿಸಿದ್ದರಿಂದ ಡಚ್ ಪ್ಯಾಲೇಸ್ ಎಂಬ ಹೆಸರು ನಿಂತಿತು. ವಿನ್ಯಾಸ ಮಾತ್ರ ಕೇರಳದ ನಾಲುಕೆಟ್ಟು: ನಾಲ್ಕು ಕಡೆ ಕಟ್ಟಡ, ನಡುವೆ ತೆರೆದ ಅಂಗಳ, ಅಂಗಳದಲ್ಲಿ ರಾಜಮನೆತನದ ಕುಲದೇವತೆ ಪಳಯನ್ನೂರ್ ಭಗವತಿಯ ಗುಡಿ.

ಮೆಟ್ಟಿಲು ಹತ್ತಿದ ಮೇಲೆ ಪಲ್ಲಕ್ಕಿ, ರಾಜರ ಭಾವಚಿತ್ರಗಳ ಕೋಣೆಗಳನ್ನು ಬೇಗ ದಾಟಿ ರಾಜನ ಮಲಗುವ ಕೋಣೆಗೆ ಹೋಗಿ. ಗೋಡೆಯುದ್ದಕ್ಕೂ ರಾಮಾಯಣ. ಕಣ್ಣಿಗೆ ಮೊದಲು ಬರೀ ಕೆಂಪು–ಹಳದಿಯ ಜಾತ್ರೆಯಂತೆ ಕಂಡು ಏನೂ ಬಿಡಿಯಾಗಿ ತಿಳಿಯುವುದಿಲ್ಲ, ಏಕೆಂದರೆ ಕೇರಳದ ಚಿತ್ರಕಾರರು ಜಾಗ ಖಾಲಿ ಬಿಡುತ್ತಿರಲಿಲ್ಲ ಮತ್ತು ಒಂದು ಪ್ರಸಂಗಕ್ಕೂ ಇನ್ನೊಂದಕ್ಕೂ ನಡುವೆ ಗೆರೆ ಎಳೆಯುತ್ತಿರಲಿಲ್ಲ. ಹಾಗಾಗಿ ಮೊದಲು ಒಂದು ಮುಖವನ್ನು ಹುಡುಕಿ ಅಲ್ಲೇ ನಿಲ್ಲಿ. ಮೈಬಣ್ಣ ಗುಣವನ್ನು ಹೇಳುತ್ತದೆ: ರಾಮ, ಕೃಷ್ಣರಂಥ ಸಾತ್ವಿಕ ದೇವತೆಗಳಿಗೆ ಹಸಿರು, ರಾಜಸಕ್ಕೆ ಕೆಂಪು–ಹಳದಿ ಛಾಯೆ. ಕಥಕಳಿಯ ‘ಪಚ್ಚ’ ವೇಷದ ತರ್ಕವೂ ಇದೇ. ಈ ಬೀಗದಕೈ ಸಿಕ್ಕ ಮೇಲೆ ಗೋಡೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಳಗಿನ ಕೋಣೆಗಳಲ್ಲಿ ಗೋವರ್ಧನ ಎತ್ತಿದ ಕೃಷ್ಣನೂ ಶಿವ–ಮೋಹಿನಿಯರೂ ಇದ್ದಾರೆ. ಮೇಲಿನದಕ್ಕಿಂತ ಇಲ್ಲಿ ಕುಂಚ ಬಿಡುಬೀಸು.

ಪುರಾತತ್ವ ಇಲಾಖೆಯ ಟಿಕೆಟ್ ಬಹಳ ಅಗ್ಗ. ಚಿತ್ರವಿರುವ ಕೋಣೆಗಳಲ್ಲಿ ಕ್ಯಾಮೆರಾ ತೆಗೆಯುವ ಮೊದಲು ಕಾವಲಿನವರನ್ನು ಕೇಳಿ.

ಸಿನಗಾಗ್ ಒಳಗೆ ಹೋಗಲು ಏನಾದರೂ ನಿಯಮ ಇದೆಯೇ?

ಚಪ್ಪಲಿ ಹೊರಗೆ ಬಿಡಬೇಕು. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಹಡಗಿನಲ್ಲಿ ಹಾಕಿದ ಶಾರ್ಟ್ಸ್, ತೋಳಿಲ್ಲದ ಅಂಗಿಯಲ್ಲೇ ಇಳಿದವರು ಬಾಗಿಲಲ್ಲಿ ಪೇಚಾಡುತ್ತಾರೆ. ಒಂದು ತೆಳು ಶಾಲು ಬ್ಯಾಗಿನಲ್ಲಿಟ್ಟುಕೊಂಡರೆ ಚರ್ಚಿಗೂ ಆಯಿತು.

ಪರದೇಶಿ ಸಿನಗಾಗ್ ಕಟ್ಟಿದ್ದು 1568ರಲ್ಲಿ, ರಾಜ ಕೊಟ್ಟ ಜಾಗದಲ್ಲಿ, ಅರಮನೆಯ ಗುಡಿಗೆ ಗೋಡೆ ತಾಗಿಸಿಕೊಂಡೇ. 1662ರಲ್ಲಿ ಪೋರ್ಚುಗೀಸರ ದಾಳಿಗೆ ತುತ್ತಾಗಿ, ಡಚ್ಚರು ಬಂದ ಮೇಲೆ ಮತ್ತೆ ಎದ್ದಿತು. ಗಡಿಯಾರದ ಗೋಪುರ 1760ರದು. ಒಳಗೆ ಹೋದವರೆಲ್ಲ ತಲೆಯೆತ್ತಿ ಬೆಲ್ಜಿಯಂ ಗಾಜಿನ ದೀಪಗಳನ್ನು ನೋಡುತ್ತಾರೆ. ನೀವು ಕಾಲ ಕೆಳಗೂ ನೋಡಿ. ನೆಲಕ್ಕೆ ಹಾಕಿರುವ ನೀಲಿ–ಬಿಳಿ ಹಂಚುಗಳು 18ನೇ ಶತಮಾನದಲ್ಲಿ ಚೀನಾದ ಕ್ಯಾಂಟನ್‌ನಿಂದ ಹಡಗಿನಲ್ಲಿ ಬಂದವು. ಪ್ರತಿಯೊಂದನ್ನೂ ಕೈಯಲ್ಲಿ ಬರೆದಿರುವುದರಿಂದ ಪಕ್ಕಪಕ್ಕದ ಎರಡು ಹಂಚುಗಳ ಗೆರೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಇಸ್ರೇಲ್ ದೇಶ 1948ರಲ್ಲಿ ಹುಟ್ಟಿದ ನಂತರ ಇಲ್ಲಿನ ಯಹೂದಿ ಕುಟುಂಬಗಳು ಬಹುಪಾಲು ಅಲ್ಲಿಗೆ ಹೋದವು. ಬೀದಿಯ ಮನೆಗಳ ಕಿಟಕಿಗಳಲ್ಲಿ ಆರು ಮೂಲೆಯ ನಕ್ಷತ್ರ ಇನ್ನೂ ಕಾಣುತ್ತದೆ, ಅಂಗಡಿ ನಡೆಸುವವರಲ್ಲಿ ಕಾಶ್ಮೀರದಿಂದ ಬಂದವರೂ ಇದ್ದಾರೆ. ಸಿನಗಾಗ್ ಪ್ರಾರ್ಥನೆಯ ಜಾಗ ಎಂಬುದನ್ನು ಮರೆಯದೆ ಒಳಗೆ ದನಿ ತಗ್ಗಿಸಿ ಮಾತಾಡುವುದು ಆ ಕುಟುಂಬಗಳ ಹಿರಿಯರಿಗೆ ಸಲ್ಲಿಸುವ ಗೌರವ.

ಫೋರ್ಟ್ ಕೊಚ್ಚಿಯಲ್ಲಿ ಫೋರ್ಟ್ ಎಲ್ಲಿದೆ?

ಇಲ್ಲ. ಪೋರ್ಚುಗೀಸರು ಕಟ್ಟಿದ ಇಮ್ಯಾನುಯೆಲ್ ಕೋಟೆಯನ್ನು ಡಚ್ಚರು ಚಿಕ್ಕದು ಮಾಡಿದರು, 1795ರಲ್ಲಿ ಬಂದ ಬ್ರಿಟಿಷರು ಉಳಿದದ್ದನ್ನೂ ಕೆಡವಿದರು. ಸಮುದ್ರದಂಡೆಯಲ್ಲಿ ಅಲ್ಲಲ್ಲಿ ಅಡಿಪಾಯದ ಕಲ್ಲು ಕಾಣುತ್ತದೆ. ಕೋಟೆ ಹುಡುಕಿ ಅರ್ಧ ಗಂಟೆ ಕಳೆಯಬೇಡಿ.

ವಾಸ್ಕೋ ಡ ಗಾಮನ ಸಮಾಧಿ ಈಗಲೂ ಚರ್ಚಿನಲ್ಲಿದೆಯೇ?

ಸಮಾಧಿಯ ಕಲ್ಲು ಇದೆ, ದೇಹ ಇಲ್ಲ. 1524ರ ಡಿಸೆಂಬರ್ 24ರಂದು ಗಾಮ ಕೊಚ್ಚಿಯಲ್ಲೇ ಸತ್ತು ಇಲ್ಲಿ ಹೂಳಲ್ಪಟ್ಟ. ಸುಮಾರು ಹದಿನಾಲ್ಕು ವರ್ಷದ ಬಳಿಕ ಅವಶೇಷಗಳನ್ನು ಪೋರ್ಚುಗಲ್‌ಗೆ ಸಾಗಿಸಿದರು. ಕಲ್ಲಿನ ಸುತ್ತ ಕಂಬಿ ಹಾಕಿ ಗುರುತು ಮಾಡಿದ್ದಾರೆ.

ಚರ್ಚಿನ ಗೋಡೆಗಳನ್ನು ಓದಿ. ಹಳೆಯ ಗೋರಿಕಲ್ಲುಗಳನ್ನು ನೆಲದಿಂದ ಎಬ್ಬಿಸಿ ಗೋಡೆಗೆ ನಿಲ್ಲಿಸಿದ್ದಾರೆ: ಒಂದು ಕಡೆ ಪೋರ್ಚುಗೀಸರವು, ಎದುರಿಗೆ ಡಚ್ಚರವು. ಮೊದಲು ಕ್ಯಾಥೊಲಿಕ್, ಆಮೇಲೆ ಡಚ್ ಪ್ರಾಟೆಸ್ಟೆಂಟ್, ಆಮೇಲೆ ಆಂಗ್ಲಿಕನ್, ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ). ಆಳಿದವರ ಸರದಿಯೇ ಈ ಒಂದು ಕಟ್ಟಡದಲ್ಲಿದೆ. ಮೇಲೆ ತೂಗುವ ಬಟ್ಟೆಯ ಪಂಖಗಳ ಹಗ್ಗ ಹೊರಗೋಡೆಯ ತೂತಿನಿಂದ ಆಚೆ ಹೋಗುತ್ತದೆ. ಒಳಗಿನವರಿಗೆ ಗಾಳಿ ಬರಲು ಹೊರಗೆ ಬಿಸಿಲಿನಲ್ಲಿ ಕೂತು ಯಾರೋ ಎಳೆಯಬೇಕಿತ್ತು.

ಬೆಸಿಲಿಕಾ ಬೇರೆಯ ಕಟ್ಟಡ, ನಡೆದು ಹೋಗುವಷ್ಟು ಹತ್ತಿರ. ಹಳೆಯದನ್ನು ಬ್ರಿಟಿಷರು ಕೆಡವಿದ ಮೇಲೆ ಈಗಿನದು ಪ್ರತಿಷ್ಠೆಯಾದದ್ದು 1905ರಲ್ಲಿ. ಹತ್ತು ನಿಮಿಷ ಸಾಕು.

ಚೀನೀ ಬಲೆ ಎಳೆಯುವುದನ್ನು ನೋಡಲು ಎಷ್ಟು ಹೊತ್ತಿಗೆ ಹೋಗಬೇಕು?

ನೀರು ಏರುವ ಹೊತ್ತಿಗೆ. ಉಬ್ಬರದೊಂದಿಗೆ ಮೀನು ಒಳಕ್ಕೆ ಬರುತ್ತದೆ, ಆಗ ಬಲೆಗಾರರು ಬಿಡುವಿಲ್ಲದೆ ಇಳಿಸಿ ಎತ್ತುತ್ತಾರೆ. ಇಳಿತದ ಹೊತ್ತಿಗೆ ಬಲೆಗಳನ್ನು ಎತ್ತಿ ಕಟ್ಟಿರುತ್ತಾರೆ. ‘ಬಲೆ ನಿಂತುಹೋಗಿವೆ’ ಎಂದುಕೊಂಡು ಬೇಸರದಿಂದ ಬರುವವರು ಹೋದದ್ದು ಈ ಹೊತ್ತಿಗೆ. ಕೊಚ್ಚಿಯ ಉಬ್ಬರದ ವೇಳೆ ಅಂತರ್ಜಾಲದಲ್ಲಿ ಸಿಗುತ್ತದೆ, ದಿನಕ್ಕೆ ಎರಡು ಸಲ.

ಕೆಲಸ ಮಾಡುವ ಬಗೆ ಗಮನಿಸಿ. ಸುಮಾರು ಹತ್ತು ಮೀಟರ್ ಎತ್ತರದ ಮರದ ಚೌಕಟ್ಟು, ಅದರ ತುದಿಯಲ್ಲಿ ನಾಲ್ಕು ಬಾಗಿದ ಕೋಲುಗಳಿಂದ ಹರಡಿಕೊಂಡ ಬಲೆ, ಹಿಂದೆ ಹಗ್ಗಗಳಲ್ಲಿ ತೂಗುವ ಕಲ್ಲುಗಳು. ಕಲ್ಲು ಮತ್ತು ಬಲೆಯ ತೂಕ ಎಷ್ಟು ಸರಿಸಮವೆಂದರೆ ಒಬ್ಬ ಮನುಷ್ಯ ದಿಮ್ಮಿಯ ಮೇಲೆ ಮುಂದಕ್ಕೆ ನಡೆದರೆ ಸಾಕು, ಬಲೆ ನೀರಿಗೆ ಇಳಿಯುತ್ತದೆ. ಕಲ್ಲುಗಳ ಹಗ್ಗ ಒಂದೊಂದು ಒಂದೊಂದು ಉದ್ದ, ಹೀಗಾಗಿ ಬಲೆ ಏರುತ್ತ ಹೋದಂತೆ ಒಂದೊಂದೇ ಕಲ್ಲು ಕಟ್ಟೆಗೆ ಕೂತು ತೂಕ ಹೊಂದುತ್ತದೆ. ಎತ್ತಲು ನಾಲ್ಕರಿಂದ ಆರು ಜನ. ಮಳೆಗಾಲದ ಬಳಿಕ ಹಿನ್ನೀರಿನಿಂದ ತೇಲಿ ಬರುವ ಕಳೆ ಬಲೆ ತುಂಬಿದರೆ ಮೀನಿಗಿಂತ ಕಳೆ ಕೀಳುವುದೇ ಕೆಲಸವಾಗುತ್ತದೆ.

ಹಗ್ಗ ಎಳೆಯಲು ಪ್ರವಾಸಿಗರನ್ನೂ ಕರೆಯುತ್ತಾರೆ. ಅದಕ್ಕೆ ಹಣ ಕೊಡಬೇಕು, ಎಷ್ಟೆಂದು ಕಟ್ಟೆ ಹತ್ತುವ ಮೊದಲೇ ಮಾತಾಡಿ. ಹಲಗೆ ಜಾರುತ್ತದೆ, ಸಣ್ಣ ಮಕ್ಕಳನ್ನು ಮೇಲೆ ಬಿಡಬೇಡಿ.

ಮಂಗಳೂರು ಕಡೆಯ ಕೊಂಕಣಿ ಮನೆಯವರಿದ್ದಾರೆ. ಕೊಚ್ಚಿ ತಿರುಮಲ ದೇವಸ್ಥಾನಕ್ಕೆ ಹೋಗಿಬರಲು ಆಗುತ್ತದೆಯೇ?

ಆಗುತ್ತದೆ. ಚೆರ್ಲಾಯಿಯ ವೆಂಕಟಾಚಲಪತಿ ದೇವಸ್ಥಾನ ಮಟ್ಟಾಂಚೇರಿಯಲ್ಲೇ ಇದೆ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದ ಗೌಡ ಸಾರಸ್ವತರು ಕಟ್ಟಿಕೊಂಡ ದೊಡ್ಡ ಕೇಂದ್ರ ಅದು. ಸುತ್ತಲಿನ ಬೀದಿಗಳಲ್ಲಿ ಕೊಂಕಣಿ ಕೇಳಿಸುತ್ತದೆ. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಅರಮನೆಗೂ ಮೊದಲೇ ಹೋಗಬೇಕು. ಗಂಡಸರು ಅಂಗಿ ತೆಗೆಯಬೇಕಾಗುತ್ತದೆ, ಪಂಚೆ ಇಟ್ಟುಕೊಂಡಿರಿ.

ಊಟಕ್ಕೆ ಏನು ಮಾಡುವುದು?

ಹಡಗಿನಲ್ಲಿ ಊಟ ಹೇಗೂ ಇದೆ ಎಂದು ತಿಂಡಿ ಗಟ್ಟಿಯಾಗಿ ತಿಂದು ಇಳಿದು, ಹೊರಗೆ ಚಹಾ ಮತ್ತು ಪಳಂಪೊರಿಯಲ್ಲಿ (ಬಾಳೆಹಣ್ಣಿನ ಬಜ್ಜಿ) ಮುಗಿಸುವವರಿಗೆ ಒಂದು ಗಂಟೆ ಉಳಿಯುತ್ತದೆ. ಊಟವೇ ಬೇಕೆಂದರೆ ಸಸ್ಯಾಹಾರಿಗಳು ಮಟ್ಟಾಂಚೇರಿಯ ಗುಜರಾತಿ ರಸ್ತೆಗೆ ಹೋಗಿ. ವ್ಯಾಪಾರಕ್ಕೆ ಬಂದು ತಲೆಮಾರುಗಳಿಂದ ನೆಲೆಸಿದ ಗುಜರಾತಿಗಳ ಸಿಹಿತಿಂಡಿ, ಊಟ ಅಲ್ಲಿ ಸಿಗುತ್ತದೆ. ಬಿರಿಯಾನಿಗೆ ಮಟ್ಟಾಂಚೇರಿಯ ಕಾಯೀಸ್ ಹೆಸರುವಾಸಿ. ಅಲ್ಲಿ ಮಧ್ಯಾಹ್ನ ತಡವಾಗಿ ಹೋದರೆ ಬೇಕಾದ್ದು ಮುಗಿದಿರಬಹುದು.

ಬಲೆಗಳ ಬಳಿ ಮೀನು ಕೊಂಡು ಪಕ್ಕದಲ್ಲೇ ಬೇಯಿಸಿಕೊಳ್ಳುವ ಪದ್ಧತಿ ಇದೆ. ಮೀನಿನ ಬೆಲೆ ಬೇರೆ, ಬೇಯಿಸುವ ಕೂಲಿ ಬೇರೆ. ಎರಡನ್ನೂ ಮೊದಲೇ ಕೇಳಿ. ಕಿವಿರು ಕೆಂಪಗಿದ್ದು ಕಣ್ಣು ಉಬ್ಬಿದ್ದರೆ ತಾಜಾ. ಸಿದ್ಧವಾಗಲು ನಲವತ್ತು ನಿಮಿಷ ಹಿಡಿಯುವುದರಿಂದ ಹಡಗಿನವರಿಗೆ ಇದು ಅಷ್ಟು ಹೊಂದುವುದಿಲ್ಲ.

ಸಾಂಬಾರ ಪದಾರ್ಥ ಕೊಳ್ಳಬಹುದೇ?

ಕಾಳುಮೆಣಸನ್ನು ಇಲ್ಲಿಂದ ಹೊತ್ತು ತರಬೇಕಿಲ್ಲ, ನಮ್ಮ ಕೊಡಗು, ಶಿರಸಿಯದು ಯಾವುದಕ್ಕೂ ಕಡಿಮೆಯಲ್ಲ. ಏಲಕ್ಕಿ, ಜಾಯಿಕಾಯಿ, ಜಾಪತ್ರೆ ಕೊಳ್ಳಿ. ಏಲಕ್ಕಿಯನ್ನು ಬಿಡಿಸಿ ನೋಡಿ: ಒಳಗಿನ ಬೀಜ ಕಪ್ಪಗೆ, ಅಂಟಂಟಾಗಿರಬೇಕು. ಹೊರಗಿನ ಕಡು ಹಸಿರು ಕೆಲವೊಮ್ಮೆ ಬಣ್ಣದ್ದು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ತಿಳಿಯುತ್ತದೆ. ಚಕ್ಕೆಯಲ್ಲಿ ದಪ್ಪ ಒಂದೇ ಪದರದ ತೊಗಟೆ ಕ್ಯಾಸಿಯಾ. ಬೆರಳಲ್ಲಿ ಪುಡಿಯಾಗುವ, ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುವುದು ನಿಜವಾದ ದಾಲ್ಚಿನ್ನಿ. ಎರಡಕ್ಕೂ ಒಂದೇ ಬೆಲೆ ಹೇಳಿದರೆ ಮುಂದಿನ ಅಂಗಡಿಗೆ ನಡೆಯಿರಿ. ಕುಡಂಪುಳಿ ಎಂಬ ಹುಳಿ ನಮ್ಮ ಮಲೆನಾಡಿನ ಉಪ್ಪಾಗೆಯೇ. ಜ್ಯೂ ಟೌನ್‌ನಲ್ಲಿ ಅಗ್ಗಕ್ಕೆ ಕೊಡುವ ಕೇಸರಿ ಬೇಡ.

ಒಂದು ಬೀದಿ ಒಳಗೆ ಹೋದರೆ ಅದೇ ಮಾಲು ಕಡಿಮೆ ಬೆಲೆಗೆ ಸಿಗುತ್ತದೆ. ಮದ್ಯ, ಚಾಕು ಕೊಂಡರೆ ಹಡಗಿನ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.

ಹಳೆಯ ಕಾಲದ ವಸ್ತುಗಳು?

ನೋಡಿ ಸಂತೋಷಪಡಿ. ಹಳೆಯದೆಂದು ಮಾರುವ ಬಹಳಷ್ಟು ವಸ್ತು ಹೊಸದಾಗಿ ಮಾಡಿ ಹಳತಾಗಿಸಿದ್ದು. ನಿಜಕ್ಕೂ ನೂರು ವರ್ಷ ದಾಟಿದ್ದಾದರೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ, ದೇಶದ ಹೊರಗೆ ಒಯ್ಯುವಂತಿಲ್ಲ. ಮುಂದೆ ಹಡಗು ಕೊಲಂಬೊಗೋ ಮಾಲೆಗೋ ಹೋಗುವುದಿದ್ದರೆ ತೊಂದರೆ ನಿಮಗೇ. ಕಡಲ ಚಿಪ್ಪು, ಹವಳದ ತುಂಡುಗಳನ್ನೂ ಕೊಳ್ಳಬೇಡಿ; ಅವುಗಳಲ್ಲಿ ಹಲವು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ.

ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದೆ. ಅವರಿಂದ ಆಗುತ್ತದೆಯೇ?

ಟ್ಯಾಕ್ಸಿ ಇಟ್ಟುಕೊಂಡರೆ ಆಗುತ್ತದೆ. ಅರಮನೆಯಲ್ಲಿ ಮೆಟ್ಟಿಲಿದೆ, ಬಜಾರ್ ರಸ್ತೆಯ ನೆಲ ಏರುತಗ್ಗು. ಚರ್ಚು, ಸಿನಗಾಗ್, ಬಲೆಗಳ ದಂಡೆ ಸಮತಟ್ಟು. ನಿಜವಾದ ಕಷ್ಟ ಸೆಖೆಯದು. ಜನವರಿಯಲ್ಲೂ ಮಧ್ಯಾಹ್ನ 31–32 ಡಿಗ್ರಿ, ತೇವ ಬೇರೆ. ಬೆಂಗಳೂರಿನ ಹವೆಗೆ ಒಗ್ಗಿದ ಮೈ ಬೇಗ ದಣಿಯುತ್ತದೆ. ತಲಾ ಒಂದು ಲೀಟರ್ ನೀರು, ಕೊಡೆ, ರಕ್ತದೊತ್ತಡದ ಮಾತ್ರೆ ಜೊತೆಗಿರಲಿ. ಶೌಚಾಲಯ ಹಡಗಿನಲ್ಲೇ ಮುಗಿಸಿ ಇಳಿಯಿರಿ, ಮತ್ತೆ ಅರಮನೆಯ ಬಳಿ ಕೇಳಿ.

ಅಲಪ್ಪುಳದ ಹೌಸ್‌ಬೋಟ್, ಮುನ್ನಾರ್?

ಬೇಡ. ಅಲಪ್ಪುಳ 50 ಕಿ.ಮೀ.ಗೂ ಹೆಚ್ಚು, ಹೋಗಿಬರುವುದಕ್ಕೇ ಮೂರು ನಾಲ್ಕು ಗಂಟೆ. ಮುನ್ನಾರ್ ಒಂದು ಕಡೆಗೇ ನಾಲ್ಕು ಗಂಟೆ. ಹಡಗು ತಪ್ಪಿಸಿಕೊಳ್ಳುವವರಲ್ಲಿ ಇಂಥ ದೂರದ ಆಸೆಗೆ ಬಿದ್ದವರೇ ಹೆಚ್ಚು.

ಇಳಿಯುವಾಗ ಏನೇನು ಕೈಯಲ್ಲಿರಬೇಕು?

ಹಡಗಿನ ಕಾರ್ಡ್ ಮತ್ತು ಸರ್ಕಾರಿ ಗುರುತಿನ ಚೀಟಿಯ ಮೂಲ ಪ್ರತಿ. ಬಂದರಿನ ಗೇಟಿನಲ್ಲಿ ಎರಡೂ ಕೇಳುತ್ತಾರೆ, ಮಕ್ಕಳದ್ದೂ ಬೇಕು. ಚಿಲ್ಲರೆ ಹಣ ಐದುನೂರರಷ್ಟು. ಮೊಬೈಲ್ ಬಗ್ಗೆ ಒಂದು ಮಾತು: ಸಮುದ್ರದಲ್ಲಿ ಫೋನ್ ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಸೇರಿಕೊಂಡರೆ ಬಿಲ್ ಸಾವಿರಗಳಲ್ಲಿ ಬರುತ್ತದೆ. ದಡ ಬಿಟ್ಟ ಕೂಡಲೇ ಫ್ಲೈಟ್ ಮೋಡ್ ಹಾಕಿ. ಹಿಂದಿನ ದಿನ ಸುದ್ದಿಯಲ್ಲಿ ‘ಹರತಾಳ’ ಎಂಬ ಪದ ಕಂಡರೆ ಹಡಗಿನ ಟೂರ್ ಮೇಜಿಗೆ ಹೋಗಿ ಕೇಳಿ. ಕೇರಳದಲ್ಲಿ ಹರತಾಳದ ದಿನ ಆಟೊ, ಅಂಗಡಿ ಎಲ್ಲ ನಿಲ್ಲಬಹುದು.

ಇಷ್ಟಾಗಿಯೂ ಹಡಗು ತಪ್ಪಿಹೋದರೆ?

ತಡವಾಗುತ್ತದೆ ಎಂದು ಗೊತ್ತಾದ ಕ್ಷಣವೇ ದಿನಚರಿ ಹಾಳೆಯಲ್ಲಿರುವ ಬಂದರು ಏಜೆಂಟರ ಸಂಖ್ಯೆಗೆ ಫೋನ್ ಮಾಡಿ. ಹತ್ತು ನಿಮಿಷದ ಮಾತಾದರೆ ಕಾದರೂ ಕಾದಾರು, ಖಾತರಿಯಿಲ್ಲ. ಹಡಗು ಹೊರಟೇಹೋದರೆ ಏಜೆಂಟರ ಮೂಲಕ ನಿಮ್ಮ ಸಾಮಾನಿನ ವ್ಯವಸ್ಥೆ ಕೇಳಿ. ಅದು ಸಾಮಾನ್ಯವಾಗಿ ಪ್ರವಾಸ ಮುಗಿಯುವ ಬಂದರಿನಲ್ಲಿ ಕೈಗೆ ಬರುತ್ತದೆ. ದಿನದ ಔಷಧಿ, ಮನೆಯ ಕೀಲಿ, ಬ್ಯಾಂಕ್ ಕಾರ್ಡನ್ನು ಕೋಣೆಯಲ್ಲಿ ಬಿಟ್ಟು ಇಳಿಯಬಾರದು ಎನ್ನುವುದು ಇದಕ್ಕೇ.

ಮುಂದಿನ ನಿಲುಗಡೆ ಲಕ್ಷದ್ವೀಪವಾದರೆ ಹಿಂಬಾಲಿಸಲು ಹೋಗಬೇಡಿ. ಅಲ್ಲಿಗೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಹಡಗಿನ ಜೊತೆ ಮಾಡಿಸಿದ ಪರವಾನಗಿ ವಿಮಾನದಲ್ಲಿ ಒಂಟಿಯಾಗಿ ಹೋಗುವವರಿಗೆ ನಡೆಯುತ್ತದೆಂದು ನಂಬುವಂತಿಲ್ಲ. ನೇರ ಮನೆಗೆ ಬನ್ನಿ. ಎರ್ನಾಕುಲಂನಿಂದ ಬೆಂಗಳೂರಿಗೆ ರಾತ್ರಿ ಬಸ್ಸುಗಳು ಸಾಕಷ್ಟಿವೆ. ಸಂಜೆ ಎರ್ನಾಕುಲಂ ಟೌನ್ ನಿಲ್ದಾಣದ ಮೂಲಕ ಬರುವ ಕನ್ಯಾಕುಮಾರಿ–ಬೆಂಗಳೂರು ರೈಲು ಮರುದಿನ ಬೆಳಗ್ಗೆ ಇಲ್ಲಿಗೆ ಬರುತ್ತದೆ. ಹಿಂದೆ ಇದೇ ವಿಲ್ಲಿಂಗ್ಡನ್ ಐಲೆಂಡ್‌ನ ಹಾರ್ಬರ್ ಟರ್ಮಿನಸ್‌ನಿಂದ ಹೊರಡುತ್ತಿದ್ದುದರಿಂದ ಅದಕ್ಕೆ ಐಲೆಂಡ್ ಎಕ್ಸ್‌ಪ್ರೆಸ್ ಎಂದೇ ಹೆಸರು.

ಹಾಗಾದರೆ ಬೇಕೆಂದೇ ಕೊಚ್ಚಿಯಲ್ಲಿ ಇಳಿದು ಬೆಂಗಳೂರಿಗೆ ಬರಬಹುದೇ?

ಮೊದಲೇ ಕಂಪನಿಗೆ ಬರೆದು ಒಪ್ಪಿಗೆ ಪಡೆದಿದ್ದರೆ ಬರಬಹುದು. ಹೇಳದೆ ಉಳಿದರೆ ಹಡಗಿನಲ್ಲಿ ನಿಮ್ಮ ಹೆಸರು ಕೂಗುತ್ತಾರೆ, ಹುಡುಕುತ್ತಾರೆ, ಬಂದರಿಗೆ ದೂರು ಹೋಗುತ್ತದೆ. ಒಪ್ಪಿಗೆ ಸಿಕ್ಕಿದ್ದರೆ ಸಾಮಾನನ್ನು ಬೆಳಗ್ಗೆಯೇ ಇಳಿಸಿ ಎರ್ನಾಕುಲಂ ಸೌತ್ ನಿಲ್ದಾಣದ ಲಗೇಜ್ ಕೊಠಡಿಯಲ್ಲಿಟ್ಟು, 1.45ರ ಗಡುವಿಲ್ಲದೆ ಊರು ನೋಡಿ.